ಕಾಲು ಹಿಡಿಯುವವರಿಗೂ ಒಂದು ಏಪ್ರನ್: ಓ.ಟಿ.ಯೊಳಗಿನ ಎಕ್ಸ್‌ರೇಯಿಂದ ಕಾಪಾಡಿಕೊಳ್ಳುವುದು, ಹಂತ ಹಂತವಾಗಿ

ನಾನು ಮೂಳೆ ವಿಭಾಗದ ಓ.ಟಿ.ಗೆ ಸೇರಿದಾಗ ಅಲ್ಲಿ ಇದ್ದದ್ದು ಮೂರೇ ಲೆಡ್ ಏಪ್ರನ್. ಒಂದು ಸರ್ಜನ್‌ಗೆ, ಇನ್ನೊಂದು ಅಸಿಸ್ಟೆಂಟ್‌ಗೆ, ಮತ್ತೊಂದು ಸ್ಕ್ರಬ್ ಆಗುವ ಸಿಸ್ಟರ್‌ಗೆ. ತೊಡೆಮೂಳೆ ಮುರಿದ ರೋಗಿಯ ಕಾಲನ್ನು ಎಳೆದು ಹಿಡಿಯುತ್ತಿದ್ದವರು ನಮ್ಮ ಆಯಮ್ಮ. ನಾಲ್ಕನೆಯ ಏಪ್ರನ್ ಇರಲಿಲ್ಲ. ಸರ್ಜನ್ "ಶೂಟ್" ಎಂದಾಗ ಆಕೆ ಮುಖವನ್ನಷ್ಟೇ ಆಚೆ ತಿರುಗಿಸುತ್ತಿದ್ದರು. ಕೈ, ಮೈ ಎರಡೂ ಅಲ್ಲೇ ಇರುತ್ತಿದ್ದವು. ಏಪ್ರನ್ ತೊಟ್ಟ ನನಗಿಂತ ಆಕೆ ರೋಗಿಗೆ ಹತ್ತಿರವಿದ್ದಾರೆ ಎಂಬುದು ನನಗೆ ಹೊಳೆಯಲು ತಿಂಗಳುಗಳೇ ಬೇಕಾದವು. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇದು ಓ.ಟಿ.ಗೆ ಹೊಸದಾಗಿ ಬಂದ ನರ್ಸಿಂಗ್ ಆಫೀಸರ್‌ಗಳಿಗೆ, ಟೆಕ್ನಿಷಿಯನ್‌ಗಳಿಗೆ, ಪಿ.ಜಿ. ವಿದ್ಯಾರ್ಥಿಗಳಿಗೆ. ಓದಿದ ಮೇಲೆ ನಿಮ್ಮ ಆಯಮ್ಮನಿಗೂ ವಾರ್ಡ್ ಹುಡುಗನಿಗೂ ಕೂತು ಹೇಳಿಕೊಡಿ. ಅವರ ಕೈಗೆ ಇಂಥದ್ದನ್ನು ಯಾರೂ ಓದಲು ಕೊಡುವುದಿಲ್ಲ.

ಹಂತ 1: ಕಿರಣ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಸಿ-ಆರ್ಮ್ ಯಂತ್ರವನ್ನು ಹಳೆಯ ಓ.ಟಿ.ಗಳಲ್ಲಿ ಈಗಲೂ ಐಐಟಿವಿ ಎನ್ನುತ್ತಾರೆ. ಬಾಗಿದ ಆ ತೋಳಿನ ಒಂದು ತುದಿಯಲ್ಲಿ ಎಕ್ಸ್‌ರೇ ಹುಟ್ಟುವ ಟ್ಯೂಬ್ ಇದೆ. ಇನ್ನೊಂದು ತುದಿಯಲ್ಲಿ ಕಿರಣವನ್ನು ಹಿಡಿದು ಚಿತ್ರ ಮಾಡುವ ಅಗಲವಾದ ಭಾಗ, ಅಂದರೆ ಇಮೇಜ್ ಇಂಟೆನ್ಸಿಫೈಯರ್. ನಾವು ಅದನ್ನು ಐಐ ಎನ್ನುತ್ತೇವೆ. ಇವೆರಡರ ನಡುವೆ ರೋಗಿ.

ಹೊಸಬರು ಟ್ಯೂಬನ್ನು ಕಂಡು ಹೆದರುತ್ತಾರೆ. ಟ್ಯೂಬಿಗೆ ಸೀಸದ ಕವಚವಿದೆ, ಕಿರಣ ಒಂದು ಕಿಂಡಿಯಿಂದ ರೋಗಿಯ ಕಡೆಗೆ ಮಾತ್ರ ಹೊರಡುತ್ತದೆ. ನಮ್ಮ ಮೈಗೆ ತಾಗುವುದರಲ್ಲಿ ಬಹುಪಾಲು ರೋಗಿಯ ಮೈಗೆ ಬಡಿದು ಚದುರಿ ಬಂದದ್ದು. ಗೋಡೆಗೆ ಪೈಪಿನಿಂದ ಜೋರಾಗಿ ನೀರು ಬಿಟ್ಟು ನೋಡಿ. ಹನಿ ಸುತ್ತಲೂ ಸಿಡಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಪೈಪ್ ಹಿಡಿದವರ ಕಡೆಗೇ ಹಿಂದಿರುಗುತ್ತದೆ. ಎಕ್ಸ್‌ರೇಯೂ ಹಾಗೆಯೇ: ಕಿರಣ ಒಳಹೊಕ್ಕ ಬದಿಯಲ್ಲಿ, ಅಂದರೆ ಟ್ಯೂಬ್ ಇರುವ ಬದಿಯಲ್ಲಿ, ಚದುರುವುದು ಹೆಚ್ಚು. ಮುಂದೆ ಹೇಳುವ ಮಾತುಗಳಲ್ಲಿ ಅರ್ಧದಷ್ಟು ಈ ಒಂದು ಸಂಗತಿಯಿಂದ ಹುಟ್ಟಿದವು.

ಇನ್ನೊಂದು ವಿಷಯ. ಪೆಡಲಿನಿಂದ ಕಾಲು ತೆಗೆದ ಕ್ಷಣವೇ ಎಕ್ಸ್‌ರೇ ನಿಲ್ಲುತ್ತದೆ. ಗಾಳಿಯಲ್ಲಾಗಲಿ, ಗೋಡೆಯಲ್ಲಾಗಲಿ, ರೋಗಿಯ ಮೈಯಲ್ಲಾಗಲಿ ಅದು ಉಳಿಯುವುದಿಲ್ಲ. ಆಪರೇಷನ್ ಮುಗಿದ ರೋಗಿಯನ್ನು ಮುಟ್ಟಲು ಹಿಂಜರಿಯಬೇಡಿ, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಲೂ ಹೆದರಬೇಡಿ. ಹಾಗೆಯೇ, ಮೈಗೆ ಬಿದ್ದ ಕಿರಣವನ್ನು ಯಾವ ಹಣ್ಣೂ ಹಾಲೂ ತೊಳೆಯುವುದಿಲ್ಲ. ಬೀಳದಂತೆ ನೋಡಿಕೊಳ್ಳುವುದೊಂದೇ ದಾರಿ.

ಹಂತ 2: ಹಿಂದಿನ ಸಂಜೆಯೇ ತಲೆ ಎಣಿಸಿ, ಏಪ್ರನ್ ಎಣಿಸಿ

ನಾಳೆಯ ಓ.ಟಿ. ಲಿಸ್ಟ್ ಕೈಗೆ ಬಂದ ಕೂಡಲೇ ಸಿ-ಆರ್ಮ್ ಬೇಕಾಗುವ ಕೇಸುಗಳನ್ನು ಗುರುತು ಮಾಡಿ. ತೊಡೆಗೆ ನೈಲ್ ಹಾಕುವುದು, ಸೊಂಟದ ಮುರಿತ, ಬೆನ್ನುಮೂಳೆಯ ಸ್ಕ್ರೂ, ಮಕ್ಕಳ ಮೊಣಕೈಗೆ ಕೆ-ವೈರ್. ಯೂರಾಲಜಿಯವರು ಕಿಡ್ನಿ ಕಲ್ಲು ತೆಗೆಯುವಾಗಲೂ ಇದೇ ಯಂತ್ರ ಬಳಸುತ್ತಾರೆ. ಆಮೇಲೆ ಆ ಹೊತ್ತಿನಲ್ಲಿ ಒಳಗೆ ಯಾರು ಯಾರು ಇರುತ್ತಾರೆಂದು ಎಣಿಸಿ: ಸರ್ಜನ್, ಅಸಿಸ್ಟೆಂಟ್, ಸ್ಕ್ರಬ್ ಸಿಸ್ಟರ್, ಹೊರಗಿನ ಸಾಮಾನು ಕೊಡುವ ಸಿಸ್ಟರ್, ಅರಿವಳಿಕೆ ವೈದ್ಯರು, ಸಿ-ಆರ್ಮ್ ನಡೆಸುವ ಟೆಕ್ನಿಷಿಯನ್, ಕಾಲು ಹಿಡಿಯುವವರು. ಏಳು ತಲೆ, ಏಳು ಏಪ್ರನ್. ಇಂಪ್ಲಾಂಟ್ ಕಂಪನಿಯಿಂದ ಬಂದ ಹುಡುಗ ಒಳಗಿದ್ದರೆ ಎಂಟು.

ಕಡಿಮೆ ಬಿದ್ದರೆ ಎರಡೇ ಉಪಾಯ. ಕೆಲಸವಿಲ್ಲದವರು ಹೊರಗೆ ಹೋಗಬೇಕು, ಅಥವಾ ಏಪ್ರನ್ ತರಿಸಬೇಕು. ಬಾಯಿಮಾತಿನಲ್ಲಿ ಕೇಳಿದ್ದು ಕಾರಿಡಾರ್‌ನಲ್ಲೇ ಕರಗಿಹೋಗುತ್ತದೆ. ನಾವು ಒಂದು ತಿಂಗಳ ಸಿ-ಆರ್ಮ್ ಕೇಸುಗಳನ್ನು ರಿಜಿಸ್ಟರ್‌ನಿಂದ ತೆಗೆದು, ಪ್ರತಿ ಕೇಸಿಗೂ ಒಳಗಿದ್ದವರೆಷ್ಟು, ಏಪ್ರನ್ ಇದ್ದದ್ದೆಷ್ಟು ಎಂದು ಎರಡು ಸಾಲು ಬರೆದು, ವಿಕಿರಣ ಸುರಕ್ಷತೆಯ ಜವಾಬ್ದಾರಿ ಹೊತ್ತ ಅಧಿಕಾರಿಯ ಮೂಲಕ ಕಳುಹಿಸಿದೆವು. ಆರ್‌ಎಸ್‌ಒ ಎಂದು ಕರೆಯುವ ಆ ಅಧಿಕಾರಿ ನಿಮ್ಮ ಆಸ್ಪತ್ರೆಯಲ್ಲಿ ಯಾರು ಎಂದು ಮೊದಲ ವಾರದಲ್ಲೇ ಕೇಳಿ ತಿಳಿದುಕೊಳ್ಳಿ. ಈ ವಿಷಯದಲ್ಲಿ ದೇಶದ ನಿಯಂತ್ರಕ ಸಂಸ್ಥೆ 1983ರಲ್ಲಿ ಸ್ಥಾಪನೆಯಾದ, ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಸಿಬ್ಬಂದಿಗೆ ರಕ್ಷಣಾ ಸಾಧನ ಒದಗಿಸುವುದು ಅದರ ನಿಯಮದಂತೆ ಆಸ್ಪತ್ರೆಯ ಕರ್ತವ್ಯ. ನೀವು ಉಪಕಾರ ಬೇಡುತ್ತಿಲ್ಲ, ಆ ಧೈರ್ಯ ಇರಲಿ.

ಹಂತ 3: ಏಪ್ರನ್ ತೊಡುವುದನ್ನು ಕಲಿಯಿರಿ

ಸ್ಕ್ರಬ್ ಆಗುವ ಮೊದಲೇ ತೊಡಬೇಕು. ಗೌನ್ ಹಾಕಿ ನಿಂತ ಮೇಲೆ ನೆನಪಾದರೆ ಮತ್ತೆ ಮೊದಲಿನಿಂದ ಕೈ ತೊಳೆಯಬೇಕಾಗುತ್ತದೆ. ಆ ಬೇಸರಕ್ಕೆ ಎಷ್ಟೋ ಜನ "ಇವತ್ತೊಂದು ದಿನ ಇರಲಿ" ಎಂದು ಹಾಗೆಯೇ ನಿಂತುಬಿಡುತ್ತಾರೆ.

ಏಪ್ರನ್‌ಗೆ ಕನಿಷ್ಠ 0.25 ಮಿಲಿಮೀಟರ್ ಸೀಸದಷ್ಟು ತಡೆಶಕ್ತಿ ಇರಬೇಕು. ಎದುರಿನ ಭಾಗಕ್ಕೆ 0.5 ಇದ್ದರೆ ಒಳ್ಳೆಯದು. ಅದು ಚದುರಿ ಬರುವ ಕಿರಣದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ತಡೆಯುತ್ತದೆ. ಏಪ್ರನ್ನಿನ ಅಂಚಿನಲ್ಲಿ ಈ ಮಿಲಿಮೀಟರ್ ಅಂಕಿ ಅಚ್ಚಾಗಿರುತ್ತದೆ, ಓದಿ ನೋಡಿ.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎದುರು ಮಾತ್ರ ಮುಚ್ಚಿ ಹಿಂದೆ ದಾರ ಕಟ್ಟುವ ಏಪ್ರನ್. ಸರ್ಜನ್ ರೋಗಿಗೆ ಎದುರಾಗಿಯೇ ನಿಲ್ಲುತ್ತಾರೆ, ಅವರಿಗೆ ಅದು ಸಾಕಾಗಬಹುದು. ಸಾಮಾನು ಕೊಡುವ ಸಿಸ್ಟರ್ ಹಾಗಲ್ಲ. ಆಕೆ ಟ್ರಾಲಿಯ ಕಡೆ, ಅಲ್ಮೆರಾದ ಕಡೆ ತಿರುಗುತ್ತಲೇ ಇರುತ್ತಾಳೆ, ತಿರುಗಿದಾಗ ಬೆನ್ನು ಪೂರ್ತಿ ಬರಿದು. ಆದ್ದರಿಂದ ಸುತ್ತಲೂ ಸುತ್ತಿಕೊಳ್ಳುವ ಏಪ್ರನ್ ಒಂದೇ ಇದ್ದರೆ ಅದು ಓಡಾಡುವವರಿಗೆ ಸಿಗಲಿ. ಹಿರಿತನ ನೋಡಿ ಹಂಚಬೇಡಿ, ಕೆಲಸ ನೋಡಿ ಹಂಚಿ.

ತೋಳಿನ ಸಂದು ನೋಡಿಕೊಳ್ಳಿ. ದೊಡ್ಡ ಅಳತೆಯ ಏಪ್ರನ್ ತೊಟ್ಟ ಸಣ್ಣ ಮೈಯ ಹೆಣ್ಣುಮಕ್ಕಳಿಗೆ ಕಂಕುಳ ಕೆಳಗೆ ದೊಡ್ಡ ತೆರಪು ಉಳಿದು ಎದೆಯ ಹೊರಬದಿ ಬರಿದಾಗಿರುತ್ತದೆ. ಕೈ ಚಾಚಿದಾಗ ಅದು ಇನ್ನೂ ತೆರೆದುಕೊಳ್ಳುತ್ತದೆ. ಸರಿಯಾದ ಅಳತೆ ಕೇಳಲು ನಾಚಿಕೆ ಬೇಡ.

ಕುತ್ತಿಗೆಗೆ ಥೈರಾಯ್ಡ್ ಶೀಲ್ಡ್ ಕಟ್ಟಲೇಬೇಕು. ಅಂಗೈಯಗಲದ ಪಟ್ಟಿ, ಬೆವರು ಬರುತ್ತದೆ, ಕೆರೆಯುತ್ತದೆ ಎಂದು ಬಹಳ ಜನ ಅದನ್ನು ಮೊಳೆಯ ಮೇಲೇ ಬಿಟ್ಟು ಬರುತ್ತಾರೆ. ಒಳಗೆ ಒಂದು ಸರ್ಜಿಕಲ್ ಟೋಪಿಯ ಬಟ್ಟೆ ಸುತ್ತಿಕೊಂಡರೆ ಕೆರೆತ ತಪ್ಪುತ್ತದೆ. ದಿನವೂ ಟೇಬಲ್ ಪಕ್ಕದಲ್ಲೇ ನಿಲ್ಲುವವರಿಗೆ ಸೀಸದ ಕನ್ನಡಕವೂ ಬೇಕು. ಕಣ್ಣಿನ ಮಸೂರಕ್ಕೆ ಕಿರಣ ಬಿದ್ದು ಪೊರೆ ಬರುವುದು ಹಿಂದೆ ಅಂದುಕೊಂಡಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಸಾಧ್ಯ ಎಂದು ತಿಳಿದ ಮೇಲೆ, ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಕಣ್ಣಿನ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಿ ಶಿಫಾರಸು ಮಾಡಿತು. ಸುಮಾರು ಏಳರಲ್ಲೊಂದು ಪಾಲು. ಇಷ್ಟು ದೊಡ್ಡ ಇಳಿಕೆ ಸುಮ್ಮನೆ ಆಗುವುದಿಲ್ಲ.

ಹಂತ 4: ಬ್ಯಾಡ್ಜ್ ಏಪ್ರನ್ ಒಳಗೆ, ಎದೆಯ ಮೇಲೆ

ಟಿಎಲ್‌ಡಿ ಬ್ಯಾಡ್ಜ್ ನಿಮ್ಮನ್ನು ಕಾಪಾಡುವುದಿಲ್ಲ, ಲೆಕ್ಕ ಇಡುತ್ತದೆ ಅಷ್ಟೆ. ಒಳಗಿರುವ ಮೂರು ಪುಟ್ಟ ಬಿಲ್ಲೆಗಳು ತಮ್ಮ ಮೇಲೆ ಬಿದ್ದ ಕಿರಣವನ್ನು ನೆನಪಿಟ್ಟುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅವು ಬೆಳಕು ಸೂಸುತ್ತವೆ, ಆ ಬೆಳಕಿನ ಪ್ರಮಾಣದಿಂದ ಡೋಸ್ ತಿಳಿಯುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಅದನ್ನು ಏಪ್ರನ್ ಒಳಗೆ, ಎದೆಯ ಮಟ್ಟದಲ್ಲಿ ಹಾಕಿಕೊಳ್ಳಿ. ನನ್ನ ಮೊದಲ ವರ್ಷ ನಾನು ಅದನ್ನು ಏಪ್ರನ್‌ಗೇ ಸಿಕ್ಕಿಸಿ ಓ.ಟಿ.ಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದೆ. ನಾನು ರಜೆಯಲ್ಲಿದ್ದ ದಿನಗಳಲ್ಲಿ ಆ ಏಪ್ರನ್ ತೊಟ್ಟವರ ಲೆಕ್ಕವೆಲ್ಲ ನನ್ನ ಹೆಸರಿಗೆ ಸೇರಿತು, ಅವರ ಲೆಕ್ಕ ಎಲ್ಲಿಯೂ ಸೇರಲಿಲ್ಲ. ಕೆಲಸ ಮುಗಿದ ಮೇಲೆ ಬ್ಯಾಡ್ಜ್ ಎಕ್ಸ್‌ರೇ ಇಲ್ಲದ ಕೋಣೆಯ ಬೋರ್ಡಿಗೆ ಹೋಗಬೇಕು, ಕಂಟ್ರೋಲ್ ಬ್ಯಾಡ್ಜ್ ಇರುವಲ್ಲಿಗೆ. ಇನ್ನೊಬ್ಬರಿಗೆ ಕೊಡಬೇಡಿ. ನೀವೇ ರೋಗಿಯಾಗಿ ಎಕ್ಸ್‌ರೇ ತೆಗೆಸಿಕೊಳ್ಳುವಾಗ ತೆಗೆದಿಡಿ.

ವರದಿ ಬಂದಾಗ ಕೇಳಿ ಓದಿ. ನಮ್ಮ ದೇಶದಲ್ಲಿ ವಿಕಿರಣದ ಕೆಲಸಗಾರರಿಗೆ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಸಾರ್ವಜನಿಕರಿಗೆ ವರ್ಷಕ್ಕೆ 1. ಮಿತಿ 20 ಎಂದರೆ 20ರವರೆಗೆ ತೆಗೆದುಕೊಳ್ಳಬಹುದು ಎಂದು ಅರ್ಥವಲ್ಲ. ಈ ಹಂತಗಳನ್ನೆಲ್ಲ ಪಾಲಿಸುವ ಓ.ಟಿ.ಯಲ್ಲಿ ಅಂಕಿ ಅದರ ಹತ್ತಿರಕ್ಕೂ ಬರಬಾರದು. ನಿಮ್ಮ ಅಂಕಿ ಹಿಂದಿನ ಸಲಕ್ಕಿಂತ ಏರಿದ್ದರೆ, ಮಿತಿಯೊಳಗಿದ್ದರೂ ಏಕೆಂದು ಕೇಳಿ. ಸದಾ ಸೊನ್ನೆಯೇ ಬರುತ್ತಿದ್ದರೆ ಬ್ಯಾಡ್ಜ್ ನಿಜವಾಗಿ ಮೈಮೇಲೆ ಇತ್ತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹಂತ 5: ಯಂತ್ರವನ್ನು ಸರಿಯಾಗಿ ನಿಲ್ಲಿಸಿ

ಟ್ಯೂಬ್ ಕೆಳಗೆ, ಐಐ ಮೇಲೆ. ಹಾಗಿದ್ದಾಗ ಹೆಚ್ಚು ಚದುರುವ ಕಿರಣ ಟೇಬಲ್ ಕೆಳಗೆ, ನೆಲದ ಕಡೆಗೆ ಹೋಗುತ್ತದೆ. ತಲೆಕೆಳಗು ಮಾಡಿದರೆ ಅದೇ ಕಿರಣ ಕಣ್ಣಿಗೂ ಕುತ್ತಿಗೆಗೂ ಏಳುತ್ತದೆ. ಕೈಯ ಆಪರೇಷನ್‌ನಲ್ಲಿ ಕೆಲವರು ಐಐಯನ್ನೇ ಟೇಬಲ್ ಮಾಡಿಕೊಂಡು ಟ್ಯೂಬನ್ನು ಮೇಲಿಡುತ್ತಾರೆ. ಅನುಕೂಲ ನಿಜ, ಆದರೆ ಅವರ ಮುಖದ ಮಟ್ಟದಲ್ಲಿ ಏನಿದೆ ಎಂದು ಒಮ್ಮೆ ನೋಡಲಿ.

ಐಐಯನ್ನು ರೋಗಿಯ ಮೈಗೆ ಆದಷ್ಟು ಹತ್ತಿರ ತನ್ನಿ, ಟ್ಯೂಬನ್ನು ಆದಷ್ಟು ದೂರ ಮಾಡಿ. ಯಂತ್ರ ಆಗ ಕಡಿಮೆ ಕಿರಣದಲ್ಲೇ ಚಿತ್ರ ಕೊಡುತ್ತದೆ, ಚಿತ್ರವೂ ಸ್ಫುಟವಾಗಿರುತ್ತದೆ, ರೋಗಿಯ ಚರ್ಮಕ್ಕೂ ಒಳ್ಳೆಯದು. ನೋಡಬೇಕಾದ ಜಾಗಕ್ಕಷ್ಟೇ ಕಿಂಡಿಯನ್ನು ಕಿರಿದು ಮಾಡಿ, ಅದೇ ಕಾಲಿಮೇಷನ್. ಮ್ಯಾಗ್ನಿಫಿಕೇಷನ್ ಒತ್ತಿದರೆ ಡೋಸ್ ಏರುತ್ತದೆ, ಬೇಕೇಬೇಕಾದಾಗ ಮಾತ್ರ. ಬಿಟ್ಟುಬಿಟ್ಟು ಕಿರಣ ಹಾಯಿಸುವ ಪಲ್ಸ್ ವಿಧಾನ, ಕಡಿಮೆ ಡೋಸ್ ವಿಧಾನ ಯಂತ್ರದಲ್ಲಿದ್ದರೆ ಅದರಿಂದಲೇ ಶುರು ಮಾಡಲು ಟೆಕ್ನಿಷಿಯನ್‌ಗೆ ನೆನಪಿಸಿ. ಚಿತ್ರ ಕಾಣುವ ಟಿವಿಯನ್ನು ಸರ್ಜನ್ ಕತ್ತು ತಿರುಗಿಸದೆ ನೋಡುವ ಕಡೆ ಇಡಿ. ಅದು ತಪ್ಪು ಕಡೆ ಇದ್ದರೆ ಚಿತ್ರ ಸರಿಯಾಗಿ ಕಾಣದೆ ಎರಡನೇ ಸಲ ಒತ್ತಬೇಕಾಗುತ್ತದೆ.

ಹಂತ 6: ನಿಲ್ಲುವ ಜಾಗ

ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಭಾಗವಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ರೋಗಿಯಿಂದ ಅರ್ಧ ಮೀಟರ್‌ನಲ್ಲಿ ನಿಂತವರು ಎರಡು ಮೀಟರ್ ದೂರಕ್ಕೆ ಸರಿದರೆ ಹದಿನಾರನೇ ಒಂದು ಭಾಗ. ಇದಕ್ಕೆ ಹಣ ಬೇಡ, ಪತ್ರ ಬೇಡ, ನಾಲ್ಕು ಹೆಜ್ಜೆ ಸಾಕು. ಸ್ಕ್ರಬ್ ಆದವರೂ ಶೂಟ್ ಮಾಡುವ ಮುನ್ನ ಒಂದು ಹೆಜ್ಜೆ ಹಿಂದೆ ಸರಿಯುವ ಅಭ್ಯಾಸ ಮಾಡಿಕೊಂಡರೆ ವರ್ಷದ ಲೆಕ್ಕದಲ್ಲಿ ಅದು ಕಾಣುತ್ತದೆ.

ಬದಿಯಿಂದ ತೆಗೆಯುವ ಲ್ಯಾಟರಲ್ ಚಿತ್ರಕ್ಕಾಗಿ ಯಂತ್ರದ ತೋಳು ಅಡ್ಡವಾದಾಗ ಟ್ಯೂಬ್ ಒಂದು ಬದಿಗೆ ಬರುತ್ತದೆ. ಆಗ ಟ್ಯೂಬ್ ಕಡೆ ನಿಂತವರಿಗೆ ಹೆಚ್ಚು, ಐಐ ಕಡೆ ನಿಂತವರಿಗೆ ಕಡಿಮೆ. ಪೈಪಿನ ನೀರನ್ನು ನೆನಪಿಸಿಕೊಂಡರೆ ಎಲ್ಲಿ ನಿಲ್ಲಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ತಲೆಯ ಬಳಿ ಕೂರುವ ಅರಿವಳಿಕೆ ವೈದ್ಯರಿಗೆ ಎದ್ದು ಹೋಗಲಾಗದು. ಅವರಿಗೆ ಗಾಲಿಯ ಮೇಲಿನ ಸೀಸದ ಪರದೆ ತಂದಿಡಿ.

ಹಂತ 7: ಕೂಗಿ ಹೇಳಿ, ಆಮೇಲೆ ಒತ್ತಿ

ಪೆಡಲ್ ಒತ್ತುವವರು ಯಾರೇ ಇರಲಿ, ಮೊದಲು "ಎಕ್ಸ್‌ರೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಒಂದು ಉಸಿರಿನಷ್ಟು ಕಾಯಬೇಕು. ಏಪ್ರನ್ ಇಲ್ಲದೆ ಯಾರಾದರೂ ಒಳಬಂದದ್ದು ಕಂಡರೆ "ಸರ್, ಒಂದು ನಿಮಿಷ" ಎನ್ನುವ ಹಕ್ಕು ಆ ಕೋಣೆಯಲ್ಲಿರುವ ಎಲ್ಲರಿಗೂ ಇದೆ, ಅತಿ ಕಿರಿಯರಿಗೂ. ಹೇಳಲು ಗಂಟಲು ಕಟ್ಟುತ್ತದೆ, ನನಗೂ ಕಟ್ಟಿತ್ತು. ಕೇಸ್ ಶುರುವಾಗುವ ಮುನ್ನವೇ ಸರ್ಜನ್ ಬಳಿ "ನಾನು ನಡುವೆ ನಿಲ್ಲಿಸಿದರೆ ಬೇಸರ ಮಾಡಿಕೊಳ್ಳಬೇಡಿ ಸರ್" ಎಂದು ಹೇಳಿಟ್ಟರೆ ಸಲೀಸು.

ಕೊನೆಯ ಚಿತ್ರ ಪರದೆಯ ಮೇಲೆ ನಿಂತೇ ಇರುತ್ತದೆ. ಅದನ್ನು ನೋಡಿ ಯೋಚಿಸಬೇಕು, ಒತ್ತಿಕೊಂಡೇ ಯೋಚಿಸಬಾರದು. ಚುಟುಕಾಗಿ ಒತ್ತಿ ಬಿಡುವುದೇ ಸಾಕಾಗುವಲ್ಲಿ ಹಿಡಿದುಕೊಂಡಿರುವುದು ಬೇಡ. ಬಹುಪಾಲು ಯಂತ್ರಗಳು ಒಟ್ಟು ಐದು ನಿಮಿಷ ಕಿರಣ ಹಾದಾಗ ಶಬ್ದ ಮಾಡುತ್ತವೆ. ಅದನ್ನು ಥಟ್ಟನೆ ಆರಿಸಿ ಮುಂದುವರಿಯುವ ಬದಲು "ಐದು ನಿಮಿಷ ಆಯಿತು ಸರ್" ಎಂದು ಜೋರಾಗಿ ಹೇಳಿ.

ಹಂತ 8: ಕೈ ಚಿತ್ರದಲ್ಲಿ ಕಾಣಬಾರದು

ಎಲ್ಲಕ್ಕಿಂತ ಹೆಚ್ಚು ಹೊತ್ತು ನನಗೆ ಮಾತಾಡಬೇಕೆನಿಸುವುದು ಇಲ್ಲಿ. ಟಿವಿಯಲ್ಲಿ ರೋಗಿಯ ಮೂಳೆಯ ಪಕ್ಕ ಯಾರದೋ ಬೆರಳಿನ ಮೂಳೆ ಕಂಡರೆ, ಆ ಬೆರಳು ಚದುರಿದ ಕಿರಣದಲ್ಲಿಲ್ಲ, ನೇರ ಕಿರಣದಲ್ಲಿದೆ. ರೋಗಿಯಿಂದ ಒಂದು ಮೀಟರ್ ಆಚೆ ಚದುರಿ ಬರುವುದು, ರೋಗಿಯ ಮೇಲೆ ಬೀಳುವುದರ ಸಾವಿರದಲ್ಲೊಂದು ಪಾಲಿನಷ್ಟು. ನೇರ ಕಿರಣದ ತೂಕ ಎಷ್ಟೆಂದು ಅದರಿಂದ ಅಂದಾಜು ಮಾಡಿ.

ರಾಂಟ್ಜನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ ತೆಗೆದ ಚಿತ್ರ ಆತನ ಹೆಂಡತಿಯ ಕೈಯದು, ಉಂಗುರದ ಸಮೇತ. ಅದರ ಬೆನ್ನಿಗೇ ಅಮೆರಿಕದಲ್ಲಿ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್‌ರೇ ಟ್ಯೂಬುಗಳನ್ನು ಪರೀಕ್ಷಿಸಲು ದಿನವೂ ತನ್ನ ಕೈಯನ್ನೇ ಒಡ್ಡುತ್ತಿದ್ದ. ಕೈಗಳಲ್ಲಿ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ತೋಳುಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಬಿಟ್ಟ. ಇಂದಿನ ಯಂತ್ರಗಳ ಕಿರಣ ಅಂದಿನಷ್ಟಲ್ಲ. ಆದರೆ ಒಬ್ಬ ಸರ್ಜನ್ ಮೂವತ್ತು ವರ್ಷ ದಿನಕ್ಕೆ ನಾಲ್ಕು ಸಲ ಬೆರಳು ಒಡ್ಡಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಸೀಸದ ಕೈಗವಸು ತೊಟ್ಟು ಕೈಯನ್ನು ಕಿರಣದೊಳಗೆ ಇಡಬಹುದು ಎಂಬ ನಂಬಿಕೆ ಅಪಾಯಕಾರಿ. ಗವಸು ಅಡ್ಡ ಬಂದು ಚಿತ್ರ ಮಸುಕಾದ ಕೂಡಲೇ ಯಂತ್ರ ತಾನಾಗಿಯೇ ಕಿರಣ ಏರಿಸುತ್ತದೆ, ರೋಗಿಗೂ ನಿಮಗೂ ಹೆಚ್ಚು ಬೀಳುತ್ತದೆ. ನೈಲ್‌ನ ಕೆಳತುದಿಗೆ ಸ್ಕ್ರೂ ಹಾಕುವ ಡಿಸ್ಟಲ್ ಲಾಕಿಂಗ್‌ನಲ್ಲಿ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿಯುವ ಬದಲು ಉದ್ದನೆಯ ಆರ್ಟರಿ ಫೋರ್ಸೆಪ್ಸ್ ಅಥವಾ ಕೋಕರ್ ಕೊಡಿ. ಸ್ಕ್ರಬ್ ಸಿಸ್ಟರ್ ಆಗಿ ನೀವು, ಸರ್ಜನ್ ಕೇಳುವ ಮೊದಲೇ, ಅದನ್ನು ಅವರ ಕೈಗಿಟ್ಟರೆ ಬಹಳ ಸಲ ಅವರು ಬೇಡವೆನ್ನುವುದಿಲ್ಲ.

ಇನ್ನು ಕಾಲು ಹಿಡಿಯುವುದು. ಸಾಧ್ಯವಿರುವಲ್ಲೆಲ್ಲ ಮನುಷ್ಯನ ಕೈ ಬದಲು ಟ್ರ್ಯಾಕ್ಷನ್ ಟೇಬಲ್, ಮರಳುಚೀಲ, ಪಟ್ಟಿ ಬಳಸಿ. ಹಿಡಿಯಲೇಬೇಕಾದರೆ ಪಾದದ ತುದಿಯಲ್ಲಿ, ಕೈ ಚಾಚಿ, ಕಿರಣದ ಕಿಂಡಿಯಿಂದ ಆದಷ್ಟು ದೂರ. ಹಿಡಿದವರಿಗೆ ಏಪ್ರನ್ ಮತ್ತು ಥೈರಾಯ್ಡ್ ಶೀಲ್ಡ್ ಇರಬೇಕು, ಬ್ಯಾಡ್ಜೂ ಇರಬೇಕು. ದಿನವೂ ಒಬ್ಬರೇ ಹಿಡಿಯಬಾರದು, ಸರದಿ ಮಾಡಿ. ರೋಗಿಯ ಜೊತೆಗೆ ಬಂದವರನ್ನು ಕರೆದು ಹಿಡಿಸುವುದಂತೂ ಕೂಡದು. ಏಪ್ರನ್ ಇಲ್ಲದಿದ್ದರೆ ಹಿಡಿಯುವ ಕೆಲಸವೇ ಇಲ್ಲ ಎಂಬ ಮಾತನ್ನು ನಮ್ಮ ಓ.ಟಿ.ಯಲ್ಲಿ ನಿಯಮ ಮಾಡಿಕೊಂಡದ್ದು ತಡವಾಗಿ. ನೀವು ಮೊದಲ ದಿನವೇ ಮಾಡಿಕೊಳ್ಳಿ.

ಹಂತ 9: ಬಸುರಿಯಾದರೆ ಬೇಗ ಹೇಳಿ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ಆದರೆ ಮಗುವಿನ ಅಂಗಾಂಗ ರೂಪುಗೊಳ್ಳುವುದು ಆ ತಿಂಗಳುಗಳಲ್ಲೇ. ಊರಿಗೆಲ್ಲ ಹೇಳಬೇಕಾಗಿಲ್ಲ. ಓ.ಟಿ. ಇನ್‌ಚಾರ್ಜ್ ಸಿಸ್ಟರ್‌ಗೂ ಆರ್‌ಎಸ್‌ಒಗೂ ಬರೆದು ತಿಳಿಸಿದರೆ ಸಾಕು. ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಬೀಳುವುದು 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹೊಂದಿಸುವುದು ಆಸ್ಪತ್ರೆಯ ಹೊಣೆ. ಸಾಮಾನ್ಯವಾಗಿ ಸಿ-ಆರ್ಮ್ ಇಲ್ಲದ ಟೇಬಲ್‌ಗೆ ಹಾಕುತ್ತಾರೆ. ಇನ್‌ಚಾರ್ಜ್ ಆದವರು ಇದನ್ನು ಗುಟ್ಟಾಗಿಟ್ಟು, ಡ್ಯೂಟಿ ಬದಲಿಸಿದ್ದಕ್ಕೆ ಯಾರೂ ಗೊಣಗದಂತೆ ನೋಡಿಕೊಳ್ಳಬೇಕು. ಗೊಣಗಾಟಕ್ಕೆ ಹೆದರಿಯೇ ಹೇಳದೆ ನಿಂತ ಹುಡುಗಿಯರನ್ನು ನಾನು ಕಂಡಿದ್ದೇನೆ.

ಹಂತ 10: ಕೇಸ್ ಮುಗಿದ ಮೇಲೆ

ಏಪ್ರನ್ ಮಡಚಬೇಡಿ, ಕುರ್ಚಿಯ ಮೇಲೆ ಎಸೆಯಬೇಡಿ, ಅದರ ಮೇಲೆ ಕೂರಬೇಡಿ. ಮಡಿಕೆ ಬಿದ್ದಲ್ಲಿ ಒಳಗಿನ ಹಾಳೆ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಮಾತ್ರ ಹೊಸದರಂತೆ ಕಾಣುತ್ತದೆ. ದಪ್ಪ ಕೋಲಿಗೆ ಅಥವಾ ಅದಕ್ಕೆಂದೇ ಇರುವ ಹ್ಯಾಂಗರ್‌ಗೆ ತೂಗುಹಾಕಿ. ಸೌಮ್ಯ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಬ್ಲೀಚ್ ಬೇಡ, ನೆನೆಹಾಕುವುದು ಬೇಡ, ಆಟೋಕ್ಲೇವ್ ಬೇಡ. ವಾರಕ್ಕೊಮ್ಮೆ ಅಂಗೈಯಿಂದ ಸವರಿ ಗಂಟು, ಜಾರಿದ ಭಾಗ ಇದೆಯೇ ನೋಡಿ. ವರ್ಷಕ್ಕೊಮ್ಮೆಯಾದರೂ ರೇಡಿಯಾಲಜಿಗೆ ಕಳುಹಿಸಿ ಕಿರಣದಡಿ ಬಿರುಕು ಪರೀಕ್ಷೆ ಮಾಡಿಸಿ, ಪ್ರತಿ ಏಪ್ರನ್‌ಗೂ ಒಂದು ನಂಬರ್ ಬರೆದಿಡಿ. ಸಿ-ಆರ್ಮ್‌ನ ಗುಣಮಟ್ಟ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ನಡೆಯಬೇಕು. ಹಿಂದಿನದು ಯಾವಾಗ ಆಯಿತು ಎಂಬುದೂ ನಿಮಗೆ ತಿಳಿದಿರಲಿ.

ನಂತರ ರಿಜಿಸ್ಟರ್ ತೆರೆದು ರೋಗಿಯ ಹೆಸರಿನ ಸಾಲಿನಲ್ಲೇ ಯಂತ್ರ ತೋರಿಸುವ ಒಟ್ಟು ಕಿರಣದ ಸಮಯ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಕಾಲು ಹಿಡಿದವರು ಯಾರು ಎಂದು ಬರೆಯಿರಿ. ಅದರ ಪಕ್ಕದ ಕಾಲಂನಲ್ಲಿ, ಅವರು ತೊಟ್ಟ ಏಪ್ರನ್‌ನ ನಂಬರ್.